ಕಚ್ಚಿ ತಂದರೂ ಹಕ್ಕಿಗೆ ಹಲ್ಲು ತಾಕದು

ಪ್ರಶ್ನೆ: ಬ್ರಿಟನ್ನಿನಲ್ಲಿ ಬೇಟೆಗಾರರು ಹೊಡೆದುರುಳಿಸಿದ ಹಕ್ಕಿಯನ್ನು ನಾಯಿ ಬಾಯಲ್ಲಿ ಹಿಡಿದು ತರುತ್ತದೆ. ದಾರಿಯಲ್ಲೇ ತಿಂದುಬಿಡುವುದಿಲ್ಲ ಏಕೆ?

ಇದರಲ್ಲಿ ತಳಿಯ ಪಾಲೂ ಇದೆ, ತಾಲೀಮಿನ ಪಾಲೂ ಇದೆ. ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್ ತಳಿಗಳನ್ನು ಮೆದುವಾಗಿ ಹಿಡಿಯುವ ಗುಣ ನೋಡಿಯೇ ತಲೆಮಾರುಗಳಿಂದ ಬೆಳೆಸಿದ್ದಾರೆ. ಬೆಕ್ಕು ತನ್ನ ಮರಿಯನ್ನು ಎತ್ತಿಕೊಂಡು ಹೋಗುವಾಗ ದವಡೆ ಬಿಗಿಯುವುದಿಲ್ಲವಲ್ಲ, ಇದೂ ಹಾಗೆಯೇ.

ತಾಲೀಮು ಶುರುವಾಗುವುದು ಹಕ್ಕಿಯಿಂದಲ್ಲ, ಕ್ಯಾನ್ವಾಸ್ ಬಟ್ಟೆಯ ಸಣ್ಣ ದಿಂಡಿನಿಂದ. ಅದನ್ನು ಎಸೆದಾಗ ನಾಯಿ ಕೂತಲ್ಲೇ ಕೂರಬೇಕು. ಅಪ್ಪಣೆಯಾದ ಮೇಲಷ್ಟೇ ಓಟ. ಕೆಲವು ಸಲ ತರಬೇತಿ ಕೊಡುವವರೇ ಹೋಗಿ ಎತ್ತಿಕೊಳ್ಳುತ್ತಾರೆ. ಬಿದ್ದದ್ದೆಲ್ಲ ತನ್ನದಲ್ಲ ಎಂಬುದು ಹೀಗೆ ಅದಕ್ಕೆ ಮನದಟ್ಟಾಗುತ್ತದೆ. ನನ್ನ ಮಟ್ಟಿಗೆ ಇಡೀ ತಾಲೀಮಿನ ಜೀವಾಳವೇ ಈ ಕಾಯುವಿಕೆ. ತಂದದ್ದನ್ನು ಬಾಯಿಂದ ಎಂದೂ ಎಳೆದಾಡಬಾರದು. ಎಳೆದರೆ ನಾಯಿ ಹಲ್ಲೂರುವುದನ್ನು ಕಲಿಯುತ್ತದೆ. ಮುಂದೆ ದಿಂಡಿಗೆ ರೆಕ್ಕೆ ಕಟ್ಟುತ್ತಾರೆ, ಆಮೇಲೆ ಸತ್ತು ತಣ್ಣಗಾದ ಹಕ್ಕಿ. ಗುಂಡಿನ ಸದ್ದನ್ನೂ ಮೊದಲು ದೂರದಿಂದ ಕೇಳಿಸಿ, ಮೆಲ್ಲಮೆಲ್ಲನೆ ಹತ್ತಿರ ತರುತ್ತಾರೆ.

ಇಂಗ್ಲೆಂಡಿನಲ್ಲಿ ಫೆಸೆಂಟ್ ಹಕ್ಕಿಯ ಬೇಟೆಗೆ ಅಕ್ಟೋಬರ್ 1ರಿಂದ ಫೆಬ್ರುವರಿ 1ರವರೆಗೆ ಅವಕಾಶ. ಗಾಯಗೊಂಡು ಪೊದೆಯಲ್ಲಿ ಅವಿತ ಹಕ್ಕಿಯನ್ನು ಮೂಸಿ ಹುಡುಕುವುದು ಇಂಥ ನಾಯಿಯೇ. ಅದು ಬೇಗ ಸಿಕ್ಕಷ್ಟೂ ಹಕ್ಕಿ ನರಳುವುದು ಕಡಿಮೆ.