ಹಿಂಡಿನಲ್ಲಿ ಮಂಗಗಳೆಷ್ಟು?

ಮಂಗಗಳ ಹಿಂಡೊಂದಿದೆ. ಅದರ ಎಂಟನೇ ಒಂದು ಪಾಲಿನ ವರ್ಗದಷ್ಟು ಮಂಗಗಳು ಕಾಡಿನಲ್ಲಿ ಆಡುತ್ತಿವೆ. ಉಳಿದ 12 ಗುಡ್ಡದ ಮೇಲೆ ಕಿಚಿಗುಟ್ಟುತ್ತಿವೆ. ಒಟ್ಟು ಎಷ್ಟು? 12ನೇ ಶತಮಾನದಲ್ಲಿ ಭಾಸ್ಕರಾಚಾರ್ಯ ‘ಬೀಜಗಣಿತ’ದಲ್ಲಿ ಕೇಳಿದ ಲೆಕ್ಕವಿದು.

ಉತ್ತರ ಎರಡು. 16 ಎಂದರೆ ಎಂಟನೇ ಒಂದು ಪಾಲು 2, ವರ್ಗ 4. ಗುಡ್ಡದ 12 ಸೇರಿ 16. 48 ಎಂದರೆ ಪಾಲು 6, ವರ್ಗ 36. 12 ಸೇರಿ 48. ಎರಡನ್ನೂ ಭಾಸ್ಕರ ಒಪ್ಪಿದ.

ಬಿಡಿಸುವ ದಾರಿ ಶ್ರೀಧರಾಚಾರ್ಯನದು. ಅವನ ಬೀಜಗಣಿತ ಗ್ರಂಥ ಇಂದು ಸಿಗುವುದಿಲ್ಲ. ಸೂತ್ರ ಉಳಿದದ್ದು ಭಾಸ್ಕರ ಉಲ್ಲೇಖಿಸಿದ್ದರಿಂದ. ಗೊತ್ತಿಲ್ಲದ ಸಂಖ್ಯೆಯನ್ನು ಭಾಸ್ಕರನಂತೆಯೇ ‘ಯಾ’ ಎನ್ನೋಣ:

ಯಾ² − 64ಯಾ = −768

ಎರಡೂ ಬದಿಯನ್ನು 4ರಿಂದ ಗುಣಿಸಿ, 64ರ ವರ್ಗವಾದ 4096 ಕೂಡಿಸಿ. ಎಡಕ್ಕೆ (2ಯಾ − 64)² ಎಂಬ ಪೂರ್ಣವರ್ಗ, ಬಲಕ್ಕೆ 1024 ಬರುತ್ತದೆ. 1024ರ ವರ್ಗಮೂಲ +32 ಅಥವಾ −32. ಹಾಗಾಗಿ 2ಯಾ ಎಂದರೆ 96 ಇಲ್ಲವೇ 32.

ಆ 1024, ಎಸ್ಸೆಸ್ಸೆಲ್ಸಿ ಮಕ್ಕಳು ಉರುಹೊಡೆಯುವ ‘ಬಿ ಸ್ಕ್ವೇರ್ ಮೈನಸ್ ಫೋರ್ ಎಸಿ’, ಪಠ್ಯಪುಸ್ತಕದ ಶೋಧಕ. ಗುಡ್ಡದ ಮಂಗಗಳನ್ನು 12ರಿಂದ 16ಕ್ಕೆ ಏರಿಸಿ: ಶೋಧಕ ಸೊನ್ನೆಗಿಳಿದು, 32 ಎಂಬ ಒಂದೇ ಉತ್ತರ ಉಳಿಯುತ್ತದೆ. ಇನ್ನೊಂದೇ ಮಂಗ ಗುಡ್ಡ ಹತ್ತಿದರೆ ಶೋಧಕ −256. ಅಂಥ ಹಿಂಡೇ ಇರಲಾರದು. ಋಣಸಂಖ್ಯೆ ಯಾವುದರ ವರ್ಗವೂ ಅಲ್ಲ, ಅದಕ್ಕೆ ವರ್ಗಮೂಲವಿಲ್ಲ ಎಂದು ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ 9ನೇ ಶತಮಾನದಲ್ಲೇ ‘ಗಣಿತಸಾರ ಸಂಗ್ರಹ’ದಲ್ಲಿ ಹೇಳಿದ್ದ. ವಾಸ್ತವ ಮೂಲಗಳಿಲ್ಲ ಎಂದು ನಾವು ಬರೆಯುವುದೂ ಇದನ್ನೇ.

ಮೂಲಗಳು ವಾಸ್ತವವಾಗಿದ್ದರೂ ತಕರಾರು ಮುಗಿಯಲಿಲ್ಲ. ಭಾಸ್ಕರನ ಇನ್ನೊಂದು ಹಿಂಡಿನಲ್ಲಿ ಐದನೇ ಒಂದು ಪಾಲಿನಿಂದ 3 ಕಳೆದು, ಬಂದದ್ದರ ವರ್ಗದಷ್ಟು ಮಂಗಗಳು ಗುಹೆ ಹೊಕ್ಕಿವೆ. ಒಂದು ಮಾತ್ರ ಕೊಂಬೆಯ ಮೇಲಿದೆ. ಶೋಧಕ 2025, ಮೂಲಗಳು 50 ಮತ್ತು 5. ಐವತ್ತಕ್ಕೆ ಅಡ್ಡಿಯಿಲ್ಲ. ಐದನ್ನು ಹಾಕಿದರೆ ಪಾಲು 1. ಅದರಿಂದ 3 ಕಳೆದರೆ −2. ವರ್ಗ 4, ಕೊಂಬೆಯದು 1, ಒಟ್ಟು 5. ಸಮೀಕರಣವೇನೋ ತಾಳೆಯಾಯಿತು. ಆದರೆ ಋಣ ಎರಡು ಮಂಗ ಎಂದರೆ ಜನ ಒಪ್ಪುವುದಿಲ್ಲ ಎಂದು ಭಾಸ್ಕರ ಐದನ್ನು ಕೈಬಿಟ್ಟ.

ಹೊಲದ ಅಗಲವೋ ಮಗುವಿನ ವಯಸ್ಸೋ ಋಣವಾಗಿ ಬಂದಾಗ ಇಂದಿನ ಮೇಷ್ಟರೂ ಆ ಮೂಲವನ್ನು ಹೊಡೆದುಹಾಕಿಸುತ್ತಾರೆ. ವಾಸ್ತವ ಮೂಲಗಳು ಎಷ್ಟೆಂದು ಶೋಧಕ ಹೇಳೀತು. ಯಾವುದನ್ನು ಇಟ್ಟುಕೊಳ್ಳಬೇಕೆಂದು ತಿಳಿಯಲು ಪ್ರಶ್ನೆಯನ್ನೇ ಮತ್ತೊಮ್ಮೆ ಓದಬೇಕು.