ಮಳೆಗಾಲದಲ್ಲಿ ಟೆಲಿಸ್ಕೋಪ್ ಎಲ್ಲಿಡೋದು?

ಮಳೆಗಾಲ ಬಂತು, ಆಕಾಶ ತುಂಬಾ ಮೋಡ. ನಿಮ್ಮ ಹೊಸ ಟೆಲಿಸ್ಕೋಪ್ ಎಲ್ಲಿದೆ? ಅಟ್ಟದ ಮೇಲಾ? ಬಚ್ಚಲ ಗೋಡೆ ಪಕ್ಕಾನಾ? ಮೊದಲು ಅಲ್ಲಿಂದ ತೆಗೀರಿ!

ತೇವ ಇದ್ದಲ್ಲಿ ಲೆನ್ಸಿಗೆ ಬೂಷ್ಟು ಹಿಡಿಯುತ್ತೆ. ಅದು ಗಾಜಿನ ಲೇಪನವನ್ನೇ ಹಾಳುಮಾಡಬಹುದು.

ಒಂದು: ಲೆನ್ಸ್ ಮೇಲೆ ಇಬ್ಬನಿ ಕೂತಿದ್ರೆ ಒರೆಸಬೇಡಿ. ಮನೆಯೊಳಗೆ ತಾನಾಗಿ ಆರಲಿ, ಆಮೇಲೆ ಮುಚ್ಚಳ ಹಾಕಿ.

ಎರಡು: ಐಪೀಸ್‌ಗಳನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಜೆಲ್‌ನ ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿದ್ರೆ ಬದಲಾಯಿಸಿ.

ಮೂರು: ಕೊಳವೆಗೆ ಹತ್ತಿ ಬಟ್ಟೆ ಹೊದಿಸಿ. ಬಿಸಿಲು ಬೀಳದ, ಗಾಳಿಯಾಡುವ ಮೂಲೆಯಲ್ಲಿಡಿ.

ನಾಲ್ಕು: ಗುರಿ ಹಿಡಿಯೋಕೆ ಕೆಂಪು ಚುಕ್ಕೆ ತೋರಿಸೋ ರೆಡ್ ಡಾಟ್ ಫೈಂಡರ್ ಇದ್ರೆ ಅದರ ಬ್ಯಾಟರಿ ತೆಗೆದಿಡಿ.

ಮಳೆ ನಿಂತು ಆಕಾಶ ತಿಳಿಯಾದಾಗ ಶನಿಯ ಬಳೆ ನೋಡೋ ಆಸೆ ಇದ್ಯಾ? ಹಾಗಾದ್ರೆ ಇವತ್ತೇ ಮುಚ್ಚಳ ತೆಗೆದು, ಲೆನ್ಸ್ ಒಣಗಿದೆಯಾ ಅಂತ ಒಮ್ಮೆ ನೋಡಿ.