ಕಾರವಾರದ ಕ್ರಿಮ್ಸ್: ಕಲಿಕೆಯೂ ಕಾಯಿಲೆಯೂ ಒಂದೇ ಸೂರಿನಡಿ

ಕಾರವಾರ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಜನರ ಬಾಯಲ್ಲಿ ಕ್ರಿಮ್ಸ್, ರಾಜ್ಯ ಸರ್ಕಾರದ ಸ್ವಾಯತ್ತ ಕಾಲೇಜು. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ಇಲ್ಲಿ ಎಂಬಿಬಿಎಸ್ ತರಗತಿ ಶುರುವಾದದ್ದು 2016ರಲ್ಲಿ, 150 ಸೀಟುಗಳೊಂದಿಗೆ. ಅಲ್ಲಿಯವರೆಗೆ 10,291 ಚದರ ಕಿ.ಮೀ. ವಿಸ್ತಾರದ ಉತ್ತರ ಕನ್ನಡದಲ್ಲಿ ಎಂಬಿಬಿಎಸ್ ಕಲಿಸುವ ಕಾಲೇಜೇ ಇರಲಿಲ್ಲ. ಕಾಯಿಲೆ ಬಿಗಡಾಯಿಸಿದರೆ ಹುಬ್ಬಳ್ಳಿ, ಮಣಿಪಾಲ, ಮಂಗಳೂರು, ಇಲ್ಲವೇ ಗೋವಾ. 2018ರಲ್ಲಿ ಗೋವಾ ವೈದ್ಯಕೀಯ ಕಾಲೇಜು ಹೊರರಾಜ್ಯದವರಿಗೆ ಶುಲ್ಕ ವಿಧಿಸತೊಡಗಿದ ಮೇಲೆ ಕಾರವಾರದ ಬಡವರಿಗೆ ಆ ಬಾಗಿಲೂ ದುಬಾರಿಯಾಯಿತು.

ಜಿಲ್ಲಾಸ್ಪತ್ರೆಯೇ ಕಾಲೇಜಿನ ಬೋಧನಾ ಆಸ್ಪತ್ರೆ. ನಾಲ್ಕೂವರೆ ವರ್ಷದ ಓದು, ಆಮೇಲೆ ಒಂದು ವರ್ಷದ ಇಂಟರ್ನ್‌ಶಿಪ್. ರಾಷ್ಟ್ರೀಯ ಪಠ್ಯಕ್ರಮದ ಪ್ರಕಾರ ಈಗ ವೈದ್ಯಕೀಯ ವಿದ್ಯಾರ್ಥಿಗಳು ಮೊದಲ ವರ್ಷದಿಂದಲೇ ಹಳ್ಳಿಯ ಕೆಲವು ಕುಟುಂಬಗಳನ್ನು ದತ್ತು ಪಡೆದು ಅವರ ಬಿ.ಪಿ., ಶುಗರ್, ರಕ್ತಹೀನತೆ, ಲಸಿಕೆ, ಕುಡಿಯುವ ನೀರಿನ ಮೇಲೆ ಕಣ್ಣಿಡಬೇಕು. ಈ ಕೆಲಸ ಸೇರುವ ಸಮುದಾಯ ವೈದ್ಯಶಾಸ್ತ್ರಕ್ಕೆ ಪರೀಕ್ಷೆಗೆ ಉರು ಹೊಡೆಯುವ ಒಣ ವಿಷಯವೆಂದು ಹೆಸರಿದೆ. ಮಳೆಗಾಲದ ಗದ್ದೆಯಲ್ಲಿ ಇಲಿಜ್ವರ, ಸಿದ್ದಾಪುರ, ಹೊನ್ನಾವರದ ಕಾಡಂಚಿನಲ್ಲಿ ಉಣುಗಿನಿಂದ ಹರಡುವ ಮಂಗನ ಕಾಯಿಲೆ ಇರುವ ಜಿಲ್ಲೆಯಲ್ಲಿ ಆ ಮಾತು ನಿಲ್ಲದು.

ಅಂಕೋಲಾದ ಉದಾಹರಣೆ ಇನ್ನೂ ಸ್ಪಷ್ಟ. ಈ ತಾಲ್ಲೂಕಿನ ಬೆಳಂಬಾರ ಲಕ್ವಕ್ಕೆ ಕೊಡುವ ನಾಟಿ ಔಷಧಕ್ಕೆ ಹೆಸರಾದ ಊರು. ದೂರದೂರದಿಂದ ರೋಗಿಗಳು ಬರುತ್ತಾರೆ. ಆದರೆ ರಕ್ತ ಹೆಪ್ಪುಗಟ್ಟಿ ಲಕ್ವ ಹೊಡೆದಾಗ ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಡಬೇಕಾದದ್ದು ನಾಲ್ಕೂವರೆ ಗಂಟೆಯೊಳಗೆ, ಅದೂ ಸಿ.ಟಿ. ಸ್ಕ್ಯಾನ್‌ನಲ್ಲಿ ಮಿದುಳಿನ ರಕ್ತಸ್ರಾವವಿಲ್ಲವೆಂದು ಖಚಿತವಾದ ಮೇಲೆ. ಅಂಕೋಲಾದಿಂದ ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿಗೆ ಸುಮಾರು 130 ಕಿ.ಮೀ.; ಕಾರವಾರಕ್ಕೆ ಅದರ ಕಾಲು ಭಾಗ. ಬಾಯಿ ಸೊಟ್ಟಗಾಗುವುದು, ಒಂದು ಕೈ ಸೋಲುವುದು, ಮಾತು ತೊದಲುವುದು: ಈ ಮೂರು ಗುರುತನ್ನು ಮನೆಮಂದಿಗೆ ಹೇಳಿಕೊಡುವುದು ಯಾವ ಯಂತ್ರಕ್ಕೂ ಕಡಿಮೆಯಲ್ಲದ ಚಿಕಿತ್ಸೆ.

ಆದರೂ ದೊಡ್ಡ ಆಸ್ಪತ್ರೆಗಾಗಿ ಜಿಲ್ಲೆಯ ಕೂಗು ನಿಂತಿಲ್ಲ. 2022ರ ಜುಲೈನಲ್ಲಿ ಹೊನ್ನಾವರದಿಂದ ಕುಂದಾಪುರದತ್ತ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರಿನ ಶಿರೂರು ಟೋಲ್‌ನಲ್ಲಿ ಉರುಳಿ ನಾಲ್ವರು ಸತ್ತರು. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಯ ಬೇಡಿಕೆ ಆಗ ಜೋರಾಯಿತು. ಕಾಲೇಜು ಅದಕ್ಕೆ ಬದಲಿಯಲ್ಲ. ಎಂಬಿಬಿಎಸ್ ಬಳಿಕ ಎಂ.ಡಿ.ಗೆ ಮೂರು ವರ್ಷ, ಹೃದಯ ಅಥವಾ ನರರೋಗದ ಡಿ.ಎಂ.ಗೆ ಮತ್ತೆ ಮೂರು. 2016ರ ತಂಡದವರು ಎಲ್ಲೂ ತಡವಾಗದೆ ಓದಿದರೂ ಹೃದ್ರೋಗ ತಜ್ಞರಾಗುವುದು 2028ರ ಸುಮಾರಿಗೆ. ಆಮೇಲೆ ಅವರು ಕಾರವಾರಕ್ಕೇ ಮರಳಬೇಕೆಂಬ ಕಟ್ಟಳೆಯೇನೂ ಇಲ್ಲ.